ಹಳೇ ಲೇತ್ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೆಕೆಂಡ್ ಹ್ಯಾಂಡ್ ಲೇತ್ (ಲೋಹದ ತುಂಡನ್ನು ತಿರುಗಿಸಿ ಟೂಲ್‌ನಿಂದ ಕಡಿಯುವ ಯಂತ್ರ) ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್ ರಿಪೇರಿ ಕೆಲಸಕ್ಕೆ ಆರಡಿ ಲೇತ್ ಹುಡುಕುತ್ತಿದ್ದೇನೆ. ಪೀಣ್ಯದಲ್ಲಿ ಒಂದು ಹಳೇ ಆಲ್ ಗೇರ್ಡ್ (ಗೇರ್‌ಗಳಿಂದಲೇ ಸ್ಪೀಡ್ ಬದಲಾಗುವ) ಲೇತ್ ನೋಡಿದೆ. ಹೊಸದಾಗಿ ಪೇಂಟ್ ಹೊಡೆದಿದ್ದಾರೆ, ಓಡಿಸಿದರೆ ಹೆಚ್ಚು ಸದ್ದಿಲ್ಲ. ನನ್ನ ಹತ್ತಿರ ಡಯಲ್ ಗೇಜ್, ಮೈಕ್ರೋಮೀಟರ್ ಇವೆ. ಏನೇನು ಪರೀಕ್ಷಿಸಬೇಕು, ಯಾವುದರಿಂದ ಶುರು ಮಾಡಬೇಕು? – ತುಮಕೂರು

ಉತ್ತರ: ಬೆಡ್‌ನಿಂದ (ಉಳಿದ ಭಾಗಗಳು ಕೂತು ಜಾರುವ ಉದ್ದನೆಯ ಎರಕದ ತಳ) ಶುರು ಮಾಡಿ, ಸ್ಪಿಂಡಲ್ (ಚಕ್ ಹೊತ್ತು ತಿರುಗುವ ದಂಡ) ಅದರ ನಂತರ. ನೀವು ದುಡ್ಡು ಕೊಡುವುದು ಈ ಎರಡಕ್ಕೇ. ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡ ಸರಿಸುವ ಭಾಗ) ನಟ್, ಹಾಫ್ ನಟ್ (ತ್ರೆಡ್ ಹಾಕುವಾಗ ಲೀಡ್‌ಸ್ಕ್ರೂವನ್ನು ಹಿಡಿಯುವ ನಟ್), ಬೆಲ್ಟ್, ಮೋಟಾರ್, ಚಕ್ (ಜಾಬ್ ಬಿಗಿಹಿಡಿಯುವ ಭಾಗ) ಹಾಳಾಗಿದ್ದರೆ ಚೌಕಾಸಿ ಮಾಡಿ ಬೆಲೆ ಇಳಿಸಬಹುದು, ಆಮೇಲೆ ಬದಲಾಯಿಸಲೂಬಹುದು. ಬೆಡ್ ಸವೆದಿದ್ದರೆ ಅದರ ರಿಪೇರಿಗೆ ತಗಲುವ ಖರ್ಚಿನಲ್ಲಿ ಇನ್ನೊಂದು ಹಳೇ ಲೇತೇ ಬರಬಹುದು. ಹೊಸ ಪೇಂಟ್ ನೋಡಿ ಸಂತೋಷಪಡಬೇಡಿ. ಅದು ಒಡೆದ ಎರಕಕ್ಕೆ ಹಾಕಿದ ವೆಲ್ಡಿಂಗನ್ನೂ ಪುಟ್ಟಿಯನ್ನೂ ಚೆನ್ನಾಗಿ ಮುಚ್ಚುತ್ತದೆ. ಹಳೇ ಪೇಂಟ್, ಹಳೇ ಎಣ್ಣೆ ಜಿಡ್ಡು ಇರುವ ಯಂತ್ರವೇ ತನ್ನ ಕಥೆಯನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ.

ಬೆಡ್ ಉದ್ದಕ್ಕೂ ಒಂದೇ ಸಮ ಸವೆಯುವುದಿಲ್ಲ. ರಿಪೇರಿ ಅಂಗಡಿಯಲ್ಲಿ ಹೆಚ್ಚಿನ ಜಾಬ್ (ಕಡಿಯುವ ತುಂಡು) ಚಿಕ್ಕವು, ಆದ್ದರಿಂದ ಸ್ಯಾಡಲ್ (ಟೂಲ್ ಹೊತ್ತು ಬೆಡ್ ಮೇಲೆ ಓಡುವ ಭಾಗ) ಚಕ್ ಮುಂದಿನ 300–400 ಮಿ.ಮೀ. ಜಾಗದಲ್ಲೇ ವರ್ಷಗಟ್ಟಲೆ ಓಡಾಡಿರುತ್ತದೆ. ಚಿಪ್ಸ್, ಎರಕದ ಪುಡಿ, ಎಮರಿ ಪುಡಿ ಬೀಳುವುದೂ ಅಲ್ಲೇ. ಟೇಲ್‌ಸ್ಟಾಕ್ (ಬಲ ತುದಿಯಲ್ಲಿ ಜಾಬ್‌ಗೆ ಆಸರೆ ಕೊಡುವ ಭಾಗ) ಕಡೆಯ ಭಾಗ ಹೆಚ್ಚು ಕಡಿಮೆ ಹೊಸದರಂತೆಯೇ ಉಳಿದಿರುತ್ತದೆ. ಹಾಗಾಗಿ ಈ ಎರಡು ಕಡೆಯನ್ನು ಒಂದಕ್ಕೊಂದು ಹೋಲಿಸಿ ನೋಡಬೇಕು.

ಮೊದಲು ಬೆಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿ. ಮುಂದಿನ ವಿ ಪಟ್ಟಿಯ ಮೇಲೆ, ಸ್ಯಾಡಲ್ ತಲುಪದ ತುದಿಯಿಂದ ಚಕ್ ಕಡೆಗೆ ಉಗುರು ಎಳೆಯಿರಿ. ಮೆಟ್ಟಿಲಿನಂತೆ ತಡೆದರೆ ಸವೆತ ಇದೆ. ಎಷ್ಟಿದೆ ಎಂದು ತಿಳಿಯಲು ಸ್ಯಾಡಲನ್ನು ಚಕ್ ಹತ್ತಿರ ತಂದು, ಹ್ಯಾಂಡ್‌ವೀಲ್ ತುಸು ಬಿಗಿ ಅನ್ನಿಸುವಷ್ಟು ಮಾತ್ರ ಸ್ಯಾಡಲ್ ಲಾಕ್ ಬಿಗಿಮಾಡಿ. ಹಾಗೇ ಟೇಲ್‌ಸ್ಟಾಕ್ ಕಡೆ ಓಡಿಸಿ. ಕೊನೆಯವರೆಗೂ ಒಂದೇ ಬಿಗಿ ಇದ್ದರೆ ಒಳ್ಳೆಯದು. ನಡುವೆ ಬಿಗಿ ಹೆಚ್ಚಾದರೆ ಮಧ್ಯಮ ಸವೆತ. ಪೂರ್ತಿ ಹಿಡಿದುಕೊಂಡು ನಿಂತೇ ಬಿಟ್ಟರೆ ಬೇರೆ ಯಂತ್ರ ನೋಡಿ.

ಡಯಲ್ ಇರುವುದರಿಂದ ಇದನ್ನು ಅಂಕಿಯಲ್ಲೂ ನೋಡಬಹುದು. ಮ್ಯಾಗ್ನೆಟಿಕ್ ಬೇಸನ್ನು ಸ್ಯಾಡಲ್ ಮೇಲೆ ಕೂರಿಸಿ, ಡಯಲ್ ಮುಳ್ಳನ್ನು ಟೇಲ್‌ಸ್ಟಾಕ್ ಜಾರುವ ಚಪ್ಪಟೆ ಪಟ್ಟಿಯ ಮೇಲೆ ಇಡಿ. ಚಕ್ ಹತ್ತಿರಕ್ಕೆ ಟೇಲ್‌ಸ್ಟಾಕ್ ಬರುವುದು ಅಪರೂಪ, ಅಲ್ಲಿ ಆ ಪಟ್ಟಿ ಅಷ್ಟಾಗಿ ಸವೆದಿರುವುದಿಲ್ಲ. ಸ್ಯಾಡಲನ್ನು ಟೇಲ್‌ಸ್ಟಾಕ್ ತುದಿಯಿಂದ ಚಕ್‌ವರೆಗೆ ತನ್ನಿ. ಸ್ಯಾಡಲ್ ಎಷ್ಟು ಕುಸಿಯುತ್ತದೆ ಎಂಬುದು ಮುಳ್ಳಿನಲ್ಲಿ ಕಾಣುತ್ತದೆ. 0.05 ಮಿ.ಮೀ. ಒಳಗಿದ್ದರೆ ಹಳೇ ಯಂತ್ರಕ್ಕೆ ಬಹಳ ಚೆನ್ನಾಯಿತು. 0.1ರ ಆಸುಪಾಸಿದ್ದರೆ ನಿಮ್ಮ ರಿಪೇರಿ ಕೆಲಸಕ್ಕೆ ನಡೆಯುತ್ತದೆ. 0.2 ದಾಟಿದರೆ ಬೇರಿಂಗ್ ಕೂರುವ ಶಾಫ್ಟ್ ಮಾಡುವಾಗ ಪ್ರತಿ ಸಲವೂ ಪಟ್ಟು ಹಿಡಿದು ಒದ್ದಾಡಬೇಕಾಗುತ್ತದೆ.

ಗ್ಯಾಪ್ ಬೆಡ್ ಲೇತ್ (ದೊಡ್ಡ ವ್ಯಾಸದ ಜಾಬ್‌ಗಾಗಿ ಚಕ್ ಮುಂದಿನ ಬೆಡ್ ತುಂಡನ್ನು ತೆಗೆಯಬಹುದಾದದ್ದು) ಆದರೆ ಆ ಗ್ಯಾಪ್ ತುಂಡು ಆ ಯಂತ್ರದ್ದೇ ಹೌದೋ ಎಂದು ನೋಡಿ. ಬೇರೆ ಲೇತ್‌ನ ತುಂಡು ಕೂರಿಸಿದ್ದರೆ ಸಂದಿನಲ್ಲಿ ಬೆರಳಿಗೆ ಮೆಟ್ಟಿಲು ಸಿಗುತ್ತದೆ.

ಈಗ ಸ್ಪಿಂಡಲ್. ಚಕ್ ಬಿಚ್ಚಿಸಿ. ಬಿಚ್ಚಲು ಒಪ್ಪದ ಮಾಲೀಕರ ಹತ್ತಿರ ವ್ಯಾಪಾರ ಮುಂದುವರಿಸುವುದು ಬೇಡ. ಸ್ಪಿಂಡಲ್ ಮೂಗಿನಲ್ಲಿ ಚಕ್ ಪ್ಲೇಟ್ ಕೂರುವ ನುಣುಪು ಭಾಗಕ್ಕೆ ಡಯಲ್ ಕೊಟ್ಟು ಕೈಯಿಂದ ತಿರುಗಿಸಿ. ಹೊಸ ಲೇತ್‌ನಲ್ಲಿ ಇದು 0.01 ಮಿ.ಮೀ. ಮೀರಬಾರದು. ಹಳೆಯದರಲ್ಲಿ 0.02 ಬಂದರೂ ಹೆದರಬೇಡಿ. ಒಳಗಿನ ಟೇಪರ್ ಗೀರು ಬಿದ್ದಿದೆಯೇ, ಸೆಂಟರ್ (ಜಾಬ್‌ಗೆ ಆಸರೆಯಾಗುವ ಮೊನೆ) ಒಳಗೇ ತಿರುಗಿ ಕಚ್ಚಿದ ಗುರುತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಚಕ್ ಮತ್ತೆ ಹಾಕಿಸಿ, 40 ಮಿ.ಮೀ. ದಪ್ಪದ, ಅರ್ಧ ಮೀಟರ್ ಉದ್ದದ ಸರಳು ಹಿಡಿಸಿ. ಡಯಲ್ ಮುಳ್ಳು ಸ್ಪಿಂಡಲ್ ಮೂಗಿನ ಮೇಲೇ ಇರಲಿ, ಸರಳಿನ ಮೇಲಲ್ಲ. ಸರಳಿನ ತುದಿಯನ್ನು ಮೇಲಕ್ಕೆ ಎತ್ತಿ ಬಿಡಿ. ಮುಳ್ಳು 0.02ರೊಳಗೆ ಆಡಿ ಹಿಂದಿರುಗಿದರೆ ಬೇರಿಂಗ್ ಸರಿಯಿದೆ. 0.05 ಅಥವಾ ಹೆಚ್ಚು ಆಡಿದರೆ ಬೇರಿಂಗ್ ಹೋಗಿದೆ, ಇಲ್ಲವೇ ಹಿಂದಿನ ನಟ್ ಸಡಿಲವಾಗಿದೆ.

ಇಲ್ಲೊಂದು ಕೈಚಳಕ ನಡೆಯುತ್ತದೆ. ಟೇಪರ್ ರೋಲರ್ ಬೇರಿಂಗ್ ಇರುವ ಯಂತ್ರದಲ್ಲಿ ಹಿಂದಿನ ನಟ್ಟನ್ನು ಮಿತಿಮೀರಿ ಬಿಗಿಮಾಡಿದರೆ ಎಂಥ ಹಳೇ ಬೇರಿಂಗಿನ ಲೂಸೂ ಮಾಯವಾಗುತ್ತದೆ. ಆದರೆ ಬಿಗಿ ಹೆಚ್ಚಾದದ್ದು ಬಿಸಿಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ಲೇತನ್ನು ಅತಿ ಹೆಚ್ಚು ಸ್ಪೀಡಿನಲ್ಲಿ ಕನಿಷ್ಠ ಅರ್ಧ ಗಂಟೆ ಓಡಿಸಿ, ಮುಂದಿನ ಬೇರಿಂಗ್ ಇರುವ ಜಾಗದ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೆಲವೇ ಸೆಕೆಂಡಿನಲ್ಲಿ ಕೈ ತೆಗೆಯಬೇಕು ಅನ್ನಿಸಿದರೆ ಸುಮಾರು 60 ಡಿಗ್ರಿ ತಲುಪಿದೆ ಎಂದೇ ಲೆಕ್ಕ. ಬಿಸಿಯಾದ ಮೇಲೆ ಸರಳು ಎತ್ತುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಉಳಿದವು ಬೇಗ ಮುಗಿಯುತ್ತವೆ. ಕ್ರಾಸ್ ಸ್ಲೈಡ್ ಹ್ಯಾಂಡಲನ್ನು ಹಿಂದೆ ಮುಂದೆ ಆಡಿಸಿ ಎಷ್ಟು ಗೆರೆ ಖಾಲಿ ತಿರುಗುತ್ತದೆ ನೋಡಿ. 0.2–0.3 ಮಿ.ಮೀ. ಇದ್ದೇ ಇರುತ್ತದೆ, ಗನ್‌ಮೆಟಲ್ ನಟ್ ಹಾಕಿದರೆ ಹೋಗುತ್ತದೆ. ಆದರೆ ಸ್ಲೈಡ್ ಮಧ್ಯದಲ್ಲಿ ಸಡಿಲ, ತುದಿಯಲ್ಲಿ ಬಿಗಿ ಇದ್ದರೆ ಸವೆದಿರುವುದು ಡವ್‌ಟೇಲ್ (ಸ್ಲೈಡ್ ಜಾರುವ ಓರೆ ಅಂಚಿನ ಪಟ್ಟಿ). ಅದನ್ನು ಗಿಬ್ (ಸಂದು ಹೊಂದಿಸುವ ಪಟ್ಟಿ) ಬಿಗಿಮಾಡಿ ಸರಿಮಾಡಲಾಗದು. ಟೇಲ್‌ಸ್ಟಾಕ್ ಸ್ಪಿಂಡಲನ್ನು 75 ಮಿ.ಮೀ. ಹೊರಗೆ ತಂದು, ಲಾಕ್ ಹಾಕದೆ ಕೈಯಿಂದ ಅಲುಗಿಸಿ. ಸೆಂಟರ್ ಎತ್ತರ ನೋಡಲು ಎರಡೂ ಸೆಂಟರ್ ಮೊನೆಗಳ ನಡುವೆ 150 ಮಿ.ಮೀ. ಸ್ಟೀಲ್ ಸ್ಕೇಲನ್ನು ಹಗುರವಾಗಿ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಲ್ಲಬೇಕು. ಅದು ಟೇಲ್‌ಸ್ಟಾಕ್ ಕಡೆ ವಾಲಿತೋ ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಪೆಟ್ಟಿಗೆ) ಕಡೆ ವಾಲಿತೋ ಎಂಬುದರಿಂದ ಯಾವುದು ಎತ್ತರ ಯಾವುದು ತಗ್ಗು ಎಂದು ತಿಳಿಯುತ್ತದೆ. ಹೊಸ ಯಂತ್ರದಲ್ಲಿ ಟೇಲ್‌ಸ್ಟಾಕ್ ಬೇಕೆಂದೇ ಕೂದಲೆಳೆಯಷ್ಟು ಮೇಲಿರುತ್ತದೆ, ಏಕೆಂದರೆ ಅದರ ಅಡಿ ಸವೆದು ತಗ್ಗುವುದು ಖಂಡಿತ. ತಗ್ಗಿದ್ದರೆ ಅಡಿಗೆ ಶಿಮ್ ಕೊಟ್ಟು ಎತ್ತಬಹುದು, ಅದೊಂದು ದೊಡ್ಡ ದೋಷವಲ್ಲ.

ಕೊನೆಗೆ 25 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಸರಳನ್ನು 3 ಮಿ.ಮೀ. ಪಾರ್ಟಿಂಗ್ ಟೂಲ್‌ನಿಂದ ತುಂಡರಿಸಲು ಹೇಳಿ. ಸ್ಪಿಂಡಲ್, ಸ್ಯಾಡಲ್, ಕ್ರಾಸ್ ಸ್ಲೈಡ್, ಕಾಂಪೌಂಡ್ (ಅದರ ಮೇಲಿನ ಚಿಕ್ಕ ಸ್ಲೈಡ್) ಇವುಗಳಲ್ಲಿ ಎಲ್ಲೇ ಲೂಸ್ ಇದ್ದರೂ ಪಾರ್ಟಿಂಗ್‌ನಲ್ಲಿ ಟೂಲ್ ನಡುಗಿ ಕಿರುಚುತ್ತದೆ, ಇಲ್ಲವೇ ಒಳಕ್ಕೆ ಎಳೆದುಕೊಂಡು ಮುರಿಯುತ್ತದೆ. ಟೂಲನ್ನು ನೀವೇ ಚೂಪು ಮಾಡಿಕೊಂಡು ಹೋಗಿ. ಅವರ ಟೂಲ್ ಮೊಂಡಾಗಿತ್ತು ಎಂಬ ನೆಪಕ್ಕೆ ಆಗ ಜಾಗ ಇರುವುದಿಲ್ಲ.

ಪ್ರಶ್ನೆ: ನೋಡಿದ ಲೇತ್‌ನಲ್ಲಿ ಜಾಬ್ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ತೆಳು) ಬರುತ್ತಿತ್ತು. "ನೆಲ ಸರಿಯಿಲ್ಲ, ನಿಮ್ಮಲ್ಲಿ ಲೆವೆಲ್ ಮಾಡಿ ಕೂರಿಸಿದರೆ ಸರಿಹೋಗುತ್ತದೆ" ಎಂದರು. ನಂಬಬಹುದೇ? – ಹುಬ್ಬಳ್ಳಿ

ಉತ್ತರ: ಮಾತು ಸುಳ್ಳಲ್ಲ. ಆದರೆ ಸವೆದ ಬೆಡ್ ಮಾರುವವರೂ ಇದನ್ನೇ ಹೇಳುತ್ತಾರೆ. ಎರಡನ್ನೂ ಬೇರ್ಪಡಿಸಿ ನೋಡಬೇಕು.

ನೆಲದ ದೋಷದಿಂದ ಬೆಡ್ ತಿರುಚಿಕೊಂಡರೆ ಸ್ಯಾಡಲ್ ಓಡುತ್ತ ಓಡುತ್ತ ಮುಂದಕ್ಕೋ ಹಿಂದಕ್ಕೋ ವಾಲುತ್ತದೆ. ಟೂಲ್ ತುದಿ ಬೆಡ್‌ನಿಂದ ಸೆಂಟರ್ ಎತ್ತರದಷ್ಟು ಮೇಲಿರುವುದರಿಂದ ಆ ವಾಲಾಟ ತುದಿಯಲ್ಲಿ ದೊಡ್ಡದಾಗುತ್ತದೆ. ಎಚ್‌ಎಂಟಿಯ ಎನ್‌ಎಚ್ 22 ಲೇತ್‌ನಂತೆ ಸೆಂಟರ್ ಎತ್ತರ 220 ಮಿ.ಮೀ. ಎಂದಿಟ್ಟುಕೊಳ್ಳಿ. ಬೆಡ್‌ಗೆ ಅಡ್ಡವಾಗಿಟ್ಟ ಲೆವೆಲ್ ಚಕ್ ಕಡೆಗೂ ಟೇಲ್‌ಸ್ಟಾಕ್ ಕಡೆಗೂ ಮೀಟರಿಗೆ 0.1 ಮಿ.ಮೀ. ವ್ಯತ್ಯಾಸ ತೋರಿದರೆ ಟೂಲ್ ಸುಮಾರು 0.022 ಮಿ.ಮೀ. ಸರಿಯುತ್ತದೆ, ಜಾಬ್ ವ್ಯಾಸದಲ್ಲಿ 0.044. ಇದು ಲೆವೆಲಿಂಗ್ ಬೋಲ್ಟ್ ತಿರುಗಿಸಿದರೆ ನಿಜಕ್ಕೂ ಹೋಗುತ್ತದೆ. ಗಾರೆ ಕೆಲಸದ ಸ್ಪಿರಿಟ್ ಲೆವೆಲ್ ಇದಕ್ಕೆ ಸಾಲದು, ಮೀಟರಿಗೆ 0.02 ಮಿ.ಮೀ. ತೋರಿಸುವ ಮೆಷಿನ್ ಲೆವೆಲ್ ಬೇಕು.

ಸವೆತದ ಲೆಕ್ಕ ಬೇರೆ. ಸ್ಯಾಡಲ್ ನೇರವಾಗಿ ಕೆಳಕ್ಕೆ 0.1 ಮಿ.ಮೀ. ಕುಸಿದರೆ 50 ಮಿ.ಮೀ. ಜಾಬ್‌ನ ವ್ಯಾಸ ಅರ್ಧ ಮೈಕ್ರಾನಿನಷ್ಟೂ ಬದಲಾಗುವುದಿಲ್ಲ. ಟೂಲ್ ಆ ಜಾಗದಲ್ಲಿ ಜಾಬ್‌ನ ಮೈಗೆ ಸಮಾನಾಂತರವಾಗಿಯೇ ಇಳಿಯುತ್ತದೆ, ಅಷ್ಟೆ. ತೊಂದರೆ ಕೊಡುವುದು ಮುಂದಿನ ವಿ ಪಟ್ಟಿ. ಹಿಂದಿನದಕ್ಕಿಂತ ಅದು ಹೆಚ್ಚು ಸವೆಯುತ್ತದೆ, ಸ್ಯಾಡಲ್ ಟರ್ನರ್ ಕಡೆಗೆ ಬಾಗುತ್ತದೆ, ಟೂಲ್ ಜಾಬ್ ಬಿಟ್ಟು ಹಿಂದೆ ಸರಿಯುತ್ತದೆ. ಟೂಲ್ 0.1 ಹಿಂದೆ ಸರಿದರೆ ವ್ಯಾಸ 0.2 ಹೆಚ್ಚುತ್ತದೆ. ಸವೆದ ಲೇತ್‌ನಲ್ಲಿ ಜಾಬ್ ಚಕ್ ಕಡೆ ದಪ್ಪ ಬರುವುದು ಇದರಿಂದ.

ಪರೀಕ್ಷೆ ಹೀಗೆ: 50 ಮಿ.ಮೀ. ಸರಳನ್ನು ಚಕ್‌ನಿಂದ 160 ಮಿ.ಮೀ. ಹೊರಗೆ ಬಿಟ್ಟು ಹಿಡಿಸಿ. ಟೇಲ್‌ಸ್ಟಾಕ್ ಆಸರೆ ಬೇಡ. ಎರಡು ತುದಿಗಳಲ್ಲಿ 20 ಮಿ.ಮೀ. ಅಗಲದ ಪಟ್ಟಿ ಉಳಿಸಿ ನಡುವನ್ನು 1 ಮಿ.ಮೀ. ತಗ್ಗು ಮಾಡಿ. ಚೂಪಾದ ಟೂಲ್, ಸಣ್ಣ ಫೀಡ್, 0.1 ಮಿ.ಮೀ. ಕಟ್. ಕ್ರಾಸ್ ಸ್ಲೈಡ್ ಮುಟ್ಟದೆ ಎರಡೂ ಪಟ್ಟಿಗಳನ್ನು ಒಂದೇ ಓಟದಲ್ಲಿ ಮುಗಿಸಿ, ಮೈಕ್ರೋಮೀಟರ್‌ನಿಂದ ಅಳೆಯಿರಿ. 100 ಮಿ.ಮೀ. ಅಂತರಕ್ಕೆ 0.01 ವ್ಯತ್ಯಾಸ ಬಂದರೆ ಒಳ್ಳೆಯ ಲೇತ್. 0.02–0.03 ಬಂದರೆ ಲೆವೆಲಿಂಗ್ ಮಾಡಿ ನೋಡಬಹುದು. ಆಮೇಲೆ 60 ಮಿ.ಮೀ. ದಪ್ಪ, 400 ಮಿ.ಮೀ. ಉದ್ದದ ಜಾಬನ್ನು ಸೆಂಟರ್‌ಗಳ ನಡುವೆ ಹಿಡಿಸಿ. ಎರಡು ತುದಿ ಸಮ ಬರುವ ಹಾಗೆ ಟೇಲ್‌ಸ್ಟಾಕ್ ಸರಿಸಿ, ಐದು ಕಡೆ ಅಳೆಯಿರಿ. ತುದಿಗಳು ಸಮವಿದ್ದು ನಡುವೆ ಮಾತ್ರ ಬೇರೆ ಅಳತೆ ಬಂದರೆ ಟೇಪರ್ ನೇರವಾಗಿಲ್ಲ, ಬಾಗಿದೆ ಎಂದರ್ಥ. ಅಂಥ ಬಾಗನ್ನು ಲೆವೆಲಿಂಗ್ ತೆಗೆಯಲಾರದು.

ಫೇಸಿಂಗ್ (ಜಾಬ್‌ನ ಮುಖವನ್ನು ಸಪಾಟಾಗಿ ಕಡಿಯುವ) ಪರೀಕ್ಷೆಯಲ್ಲಿ ಬಹಳ ಜನ ಮೋಸಹೋಗುತ್ತಾರೆ. 200 ಮಿ.ಮೀ. ಪ್ಲೇಟ್ ಫೇಸ್ ಮಾಡಿ, ಟೂಲ್‌ಪೋಸ್ಟ್‌ಗೆ ಡಯಲ್ ಕಟ್ಟಿ, ಟೂಲ್ ಓಡಿದ ಅದೇ ಅರ್ಧದ ಮೇಲೆ ಎಳೆದು ಸೊನ್ನೆ ತೋರಿಸುತ್ತಾರೆ. ಅಲ್ಲಿ ಸೊನ್ನೆ ಬರಲೇಬೇಕು, ಏಕೆಂದರೆ ಡಯಲ್ ಓಡಿದ್ದೂ ಟೂಲ್ ಓಡಿದ ದಾರಿಯಲ್ಲೇ. ಡಯಲನ್ನು ಮಧ್ಯ ದಾಟಿಸಿ ಆಚೆಯ ಅರ್ಧಕ್ಕೆ ಒಯ್ಯಿರಿ. ಆಗ ಬರುವ ವ್ಯತ್ಯಾಸ ನಿಜವಾದದ್ದರ ಇಮ್ಮಡಿ. ನಡು ತುಸು ತಗ್ಗಿದ್ದರೆ ಒಪ್ಪಿಕೊಳ್ಳಿ, ಉಬ್ಬಿದ್ದರೆ ಬೇಡ.

ಪ್ರಶ್ನೆ: ಗೇರ್‌ಬಾಕ್ಸ್ ಸದ್ದು ಮಾಡದಿದ್ದರೆ ಗೇರುಗಳು ಚೆನ್ನಾಗಿವೆ ಎಂದು ತಿಳಿಯಬಹುದೇ? – ಶಿವಮೊಗ್ಗ

ಉತ್ತರ: ಹೆಡ್‌ಸ್ಟಾಕ್‌ಗೆ ಯಾವ ಎಣ್ಣೆ ಹಾಕಿದ್ದಾರೆ ಎಂದು ಮೊದಲು ನೋಡಿ. ಸಾಮಾನ್ಯವಾಗಿ ಅಲ್ಲಿರಬೇಕಾದದ್ದು 68 ನಂಬರ್ ಎಣ್ಣೆ, ಅಡುಗೆ ಎಣ್ಣೆಗಿಂತ ತುಸು ಮಂದ. ಬೆರಳಲ್ಲಿ ಜೇನಿನಂತೆ ಎಳೆ ಬಂದರೆ ಲಾರಿ ಗೇರ್‌ಬಾಕ್ಸಿನ 140 ಎಣ್ಣೆ ಸುರಿದಿರಬಹುದು. ಅದು ಸದ್ದನ್ನು ನುಂಗುತ್ತದೆ, ಬೇರಿಂಗಿಗೆ ಸರಿಯಾಗಿ ತಲುಪುವುದಿಲ್ಲ. ಎಣ್ಣೆ ಬೆಳ್ಳಗೆ ಹಾಲಿನಂತಿದ್ದರೆ ಕೂಲಂಟ್ ಒಳಗೆ ಇಳಿದಿದೆ.

ಮೇಲಿನ ಮುಚ್ಚಳ ಬಿಚ್ಚಿ ಗೇರುಗಳ ಹಲ್ಲನ್ನು ಟಾರ್ಚ್ ಹಿಡಿದು ಒಂದೊಂದಾಗಿ ನೋಡಿ. ಓಡುವಾಗ ಸ್ಪೀಡ್ ಬದಲಾಯಿಸುವ ಅಭ್ಯಾಸವಿದ್ದ ಕಡೆ ಹಲ್ಲಿನ ಬದಿಗಳು ಚಕ್ಕೆಯೆದ್ದಿರುತ್ತವೆ. ಅಷ್ಟಕ್ಕೆ ಬಿಡಬೇಕಿಲ್ಲ, ಹಲ್ಲಿನ ಮುಖ ಹಾಳಾಗಿದ್ದರೆ ಯೋಚಿಸಿ. ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ ಅರದಲ್ಲಿ ಉಜ್ಜಿದ್ದರೆ ಬಣ್ಣದಲ್ಲಿ ಗೊತ್ತಾಗುತ್ತದೆ. ಪ್ರತಿ ಸ್ಪೀಡಿನಲ್ಲೂ, ರಿವರ್ಸ್‌ನಲ್ಲೂ ಓಡಿಸಿ. ಒಂದೇ ಸಮ ಗುಯ್‌ಗುಟ್ಟುವುದು ವಯಸ್ಸಿನ ಸದ್ದು. ಸುತ್ತಿಗೊಮ್ಮೆ ಟಕ್ ಎನ್ನುವುದು ಮುರಿದ ಹಲ್ಲು. ಹಾಗೇ ಕಟ್ ತೆಗೆಯುವಾಗ ಲಿವರ್ ತಾನೇ ನ್ಯೂಟ್ರಲ್‌ಗೆ ಜಾರುತ್ತದೆಯೇ ಎಂದೂ ನೋಡಿ.

ಪ್ರಶ್ನೆ: ಬೆಡ್ ಗ್ರೈಂಡಿಂಗ್ ಮಾಡಿಸಿದ ಲೇತ್ ಎಂದು ಹೆಚ್ಚು ಬೆಲೆ ಹೇಳುತ್ತಿದ್ದಾರೆ. ಕೊಡಬಹುದೇ? – ಬೆಳಗಾವಿ

ಉತ್ತರ: ಗ್ರೈಂಡಿಂಗ್ ಅರ್ಧ ಕೆಲಸ ಮಾತ್ರ. ಬೆಡ್ ಅರ್ಧ ಮಿ.ಮೀ. ತೆಗೆದರೆ ಸ್ಯಾಡಲ್ ಅಷ್ಟು ಕೆಳಗಿಳಿಯುತ್ತದೆ. ಜೊತೆಗೆ ಏಪ್ರನ್ (ಸ್ಯಾಡಲ್ ಮುಂದೆ ತೂಗುವ ಪೆಟ್ಟಿಗೆ) ಇಳಿಯುತ್ತದೆ, ಸ್ಯಾಡಲನ್ನು ಓಡಿಸುವ ಲೀಡ್‌ಸ್ಕ್ರೂ ಮತ್ತು ಫೀಡ್ ರಾಡ್ ಇದ್ದಲ್ಲೇ ಇರುತ್ತವೆ. ಹಾಫ್ ನಟ್ ಹಾಕಿದಾಗ ಲೀಡ್‌ಸ್ಕ್ರೂ ಬಾಗುತ್ತದೆ. ಸ್ಯಾಡಲ್ ಅಡಿಗೆ ಟರ್ಸೈಟ್ (ಜಾರುವ ಮೈಗೆ ಅಂಟಿಸುವ ಪ್ಲಾಸ್ಟಿಕ್) ಹಾಳೆ ಅಂಟಿಸಿ, ಸ್ಕ್ರೇಪ್ ಮಾಡಿ (ತೆಳ್ಳಗೆ ಕೆರೆದು) ಹಳೆಯ ಎತ್ತರಕ್ಕೆ ತಂದಿದ್ದರೆ ಮಾತ್ರ ಕೆಲಸ ಪೂರ್ತಿಯಾದಂತೆ. ಪರೀಕ್ಷೆ ಸುಲಭ: ಏಪ್ರನ್ನನ್ನು ಲೀಡ್‌ಸ್ಕ್ರೂನ ಬಲ ತುದಿಯ ಬ್ರಾಕೆಟ್ ಹತ್ತಿರ ತಂದು, ಸ್ಕ್ರೂ ಮೇಲೆ ಡಯಲ್ ಇಟ್ಟು ಹಾಫ್ ನಟ್ ಹಾಕಿ ತೆಗೆಯಿರಿ. ಮುಳ್ಳು ಜಿಗಿದರೆ ಆ ಕೆಲಸ ಆಗಿಲ್ಲ.

ಇನ್ನು ಕೆಲವರು ಗ್ರೈಂಡಿಂಗೂ ಮಾಡಿಸದೆ, ಆಂಗಲ್ ಗ್ರೈಂಡರ್‌ನಲ್ಲಿ ಬೆಡ್ ಮೇಲೆ ಅರ್ಧಚಂದ್ರದ ಗುರುತು ಮೂಡಿಸಿ ಸ್ಕ್ರೇಪಿಂಗ್ ಎನ್ನುತ್ತಾರೆ. ನಿಜವಾದ ಸ್ಕ್ರೇಪಿಂಗ್ ಗುರುತು ಉಗುರಿಗೆ ಸಿಗದಷ್ಟು ತೆಳು.

ಪ್ರಶ್ನೆ: ಲೀಡ್‌ಸ್ಕ್ರೂ 6 ಮಿ.ಮೀ. ಪಿಚ್. ಜಿ.ಐ. ಪೈಪ್ ತ್ರೆಡ್ ಹಾಕಲಾಗುತ್ತದೆಯೇ? – ಚಿಕ್ಕಬಳ್ಳಾಪುರ

ಉತ್ತರ: ಆಗುತ್ತದೆ, 127 ಹಲ್ಲಿನ ಗೇರ್ ಇದ್ದರೆ. ಅರ್ಧ ಮತ್ತು ಮುಕ್ಕಾಲು ಇಂಚು ಪೈಪಿಗೆ ಇಂಚಿಗೆ 14 ತ್ರೆಡ್, ಒಂದಿಂಚಿನಿಂದ ಮೇಲಕ್ಕೆ 11. ಇಂಚು ಎಂದರೆ 25.4 ಮಿ.ಮೀ., ಅದರ ಐದರಷ್ಟು 127. ಆ ಗೇರ್ ಇಲ್ಲದೆ ನಿಖರವಾದ ಅನುಪಾತ ಕೂಡಿಬರುವುದಿಲ್ಲ. ನೇರ ಗೇರ್ ಸರಣಿಯಲ್ಲಿ 11 ತ್ರೆಡ್‌ಗೆ 127ಕ್ಕೆ 330ರ ಅನುಪಾತ ಬೇಕು. 20ಕ್ಕೆ 60, 127ಕ್ಕೆ 110 ಜೋಡಿ ಹಾಕಿದರೆ ಸಿಗುತ್ತದೆ. ನಾರ್ಟನ್ ಗೇರ್‌ಬಾಕ್ಸ್ (ಲಿವರ್‌ನಿಂದ ಪಿಚ್ ಬದಲಿಸುವಂಥದ್ದು) ಇದ್ದರೆ ಯಂತ್ರದ ಮೇಲಿನ ಚಾರ್ಟ್ ನೋಡಿಯೇ ಹಾಕಿ. ಚೇಂಜ್ ಗೇರ್‌ಗಳ ಪೆಟ್ಟಿಗೆಯನ್ನು ಬೆಲೆ ಮಾತಾಡುವ ಮುಂಚೆಯೇ ಎಣಿಸಿ, ಆಮೇಲೆ ಕೇಳಿದರೆ ಸಿಗುವುದಿಲ್ಲ.

ಮಿಲಿಮೀಟರ್ ಲೀಡ್‌ಸ್ಕ್ರೂನಲ್ಲಿ ಇಂಚಿನ ತ್ರೆಡ್ ಮುಗಿಯುವವರೆಗೆ ಹಾಫ್ ನಟ್ ತೆಗೆಯಬಾರದು, ಮೋಟಾರ್ ರಿವರ್ಸ್ ಮಾಡಿಯೇ ಹಿಂದಕ್ಕೆ ಬರಬೇಕು. ಆದ್ದರಿಂದ ರಿವರ್ಸ್ ಸರಿಯಾಗಿ ಕೆಲಸ ಮಾಡಬೇಕು. ಲೀಡ್‌ಸ್ಕ್ರೂ ಸವೆತ ನೋಡಲು ಹಾಫ್ ನಟ್ ಹಾಕಿ ಸ್ಯಾಡಲನ್ನು ಹ್ಯಾಂಡ್‌ವೀಲ್‌ನಿಂದ ಆಡಿಸಿ. ಚಕ್ ಹತ್ತಿರವೂ ಟೇಲ್‌ಸ್ಟಾಕ್ ಹತ್ತಿರವೂ ಒಂದೇ ಲೂಸ್ ಇದ್ದರೆ ಸವೆದದ್ದು ಹಾಫ್ ನಟ್. ಚಕ್ ಹತ್ತಿರ ಮಾತ್ರ ಹೆಚ್ಚಿದ್ದರೆ ಸ್ಕ್ರೂ.

ಪ್ರಶ್ನೆ: ನಮ್ಮ ಶೆಡ್‌ನಲ್ಲಿ ಸಿಂಗಲ್ ಫೇಸ್ ಮಾತ್ರ. 3 ಎಚ್‌ಪಿ ತ್ರೀ ಫೇಸ್ ಮೋಟಾರ್ ಇರುವ ಲೇತ್ ಕೊಳ್ಳಬಹುದೇ? – ಪುತ್ತೂರು

ಉತ್ತರ: ಕೊಳ್ಳಬಹುದು. ಸಿಂಗಲ್ ಫೇಸ್ ಒಳಗೆ, ತ್ರೀ ಫೇಸ್ ಹೊರಗೆ ಕೊಡುವ 2.2 ಕಿಲೋವ್ಯಾಟ್ ವಿಎಫ್‌ಡಿ (ಮೋಟಾರ್ ಓಡಿಸುವ ಎಲೆಕ್ಟ್ರಾನಿಕ್ ಡ್ರೈವ್) ಹಾಕಿಸಿ. ಆದರೆ ಅದು ಹೊರಗೆ ಕೊಡುವುದು 230 ವೋಲ್ಟ್. ನಮ್ಮಲ್ಲಿ ಈ ಅಳತೆಯ ಮೋಟಾರ್‌ಗಳನ್ನು ಸಾಮಾನ್ಯವಾಗಿ 415 ವೋಲ್ಟ್‌ಗೆ ಸ್ಟಾರ್ ಜೋಡಣೆಯಲ್ಲಿ ಕಟ್ಟಿರುತ್ತಾರೆ. ಟರ್ಮಿನಲ್ ಬಾಕ್ಸ್‌ನಲ್ಲಿ ಆರು ತುದಿ ಇದ್ದರೆ ಲಿಂಕ್ ಬದಲಿಸಿ ಡೆಲ್ಟಾ ಮಾಡಬಹುದು. ಮೂರೇ ತುದಿ ಹೊರಬಂದಿದ್ದರೆ ಒಳಗಿನ ಸ್ಟಾರ್ ಗಂಟು ಬಿಚ್ಚಿಸಬೇಕು, ಅದು ವೈಂಡಿಂಗ್ ಅಂಗಡಿಯ ಕೆಲಸ. ಕೊಳ್ಳುವ ಮೊದಲು 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಉಪಕರಣ) ಮೋಟಾರ್ ಪರೀಕ್ಷಿಸಿ, 1 ಮೆಗಾಓಮ್‌ಗಿಂತ ಕಡಿಮೆ ಇರಬಾರದು. ನಿಮ್ಮ ಕಡೆಯ ಮಳೆಗಾಲಕ್ಕೆ ಅದಕ್ಕಿಂತ ಬಹಳ ಹೆಚ್ಚೇ ಇರಲಿ.

ಪೂರ್ತಿ ಲೋಡಿನಲ್ಲಿ ಸಿಂಗಲ್ ಫೇಸ್ ಕಡೆ 20 ಆಂಪಿಯರ್ ದಾಟುತ್ತದೆ, 4 ಚದರ ಮಿ.ಮೀ. ತಾಮ್ರದ ವಯರ್ ಮತ್ತು ಪ್ರತ್ಯೇಕ ಎಂಸಿಬಿ ಬೇಕು. ವಿಎಫ್‌ಡಿಗೂ ಮೋಟಾರ್‌ಗೂ ನಡುವೆ ಹಳೇ ಸ್ಟಾರ್ಟರ್ ಇರಬಾರದು. ಓಡುವಾಗ ಅದು ಸಂಪರ್ಕ ಕಡಿದರೆ ವಿಎಫ್‌ಡಿ ಸುಟ್ಟುಹೋದೀತು. ಕೂಲಂಟ್ ಪಂಪಿಗೆ ಬೇರೆ ಸಿಂಗಲ್ ಫೇಸ್ ಪಂಪ್ ಹಾಕಿಕೊಳ್ಳಿ.

ಪ್ರಶ್ನೆ: ಟ್ರೂ ಚಕ್‌ನಲ್ಲಿ (ಮೂರು ಜಾ, ಅಂದರೆ ದವಡೆ, ಒಟ್ಟಿಗೆ ಸರಿಯುವ ಚಕ್) ಜಾಬ್ 0.2 ಮಿ.ಮೀ. ಓಲಾಡುತ್ತದೆ. ಲೇತ್ ಬಿಟ್ಟುಬಿಡಲೇ? – ದಾವಣಗೆರೆ

ಉತ್ತರ: ಬೇಡ. ಸ್ಪಿಂಡಲ್ ಸರಿಯಿದ್ದರೆ ಅದು ಚಕ್‌ನ ದೋಷ, ಬೆಲೆಯಲ್ಲಿ ಕಳೆದುಕೊಳ್ಳಿ. ಜಾ ಬಾಯಿ ಮುಂದೆ ಅಗಲವಾಗಿದೆಯೇ ಎಂದು ನೋಡಲು ಸರಳಿನ ಜೊತೆ ಜಾ ಮುಂತುದಿಗೆ ಕಾಗದದ ಚೂರು ಸಿಕ್ಕಿಸಿ ಬಿಗಿಮಾಡಿ. ಕಾಗದ ಎಳೆದರೆ ಬಂದುಬಿಟ್ಟರೆ ಜಾ ಗ್ರೈಂಡ್ ಮಾಡಿಸಬೇಕು. ಡಾಗ್ ಚಕ್ (ನಾಲ್ಕು ಜಾ ಬೇರೆ ಬೇರೆಯಾಗಿ ಸರಿಯುವ ಚಕ್) ಜೊತೆಗೆ ಬರುತ್ತದೆಯೇ ಕೇಳಿ. ರಿಪೇರಿ ಕೆಲಸಕ್ಕೆ ಅದೇ ಮುಖ್ಯ.

ಪ್ರಶ್ನೆ: ಮುಚ್ಚಿದ ಕಾರ್ಖಾನೆಯ ಲೇತ್ ಹರಾಜಿಗೆ ಬಂದಿದೆ. ಕರೆಂಟ್ ಇಲ್ಲ, ಓಡಿಸಿ ನೋಡಲಾಗದು. ಸಾಗಿಸುವಾಗ ಏನು ಎಚ್ಚರ? – ಹರಿಹರ

ಉತ್ತರ: ಹರಾಜಿನಲ್ಲಿ ಸರಕು ಇದ್ದಲ್ಲಿ ಇದ್ದ ಹಾಗೆ, ಆಮೇಲೆ ತಕರಾರು ನಡೆಯದು. ಬೆಡ್, ಸ್ಪಿಂಡಲ್ ಎತ್ತುವ ಪರೀಕ್ಷೆ, ಗೇರ್ ಹಲ್ಲು ಇವಿಷ್ಟಕ್ಕೆ ಕರೆಂಟ್ ಬೇಡ. ಅವನ್ನು ಮಾಡಿ, ಮೋಟಾರ್ ಮತ್ತು ಸ್ಪಿಂಡಲ್ ಬೇರಿಂಗ್ ಎರಡೂ ಹೋಗಿವೆ ಎಂದೇ ಲೆಕ್ಕ ಹಾಕಿ ಬೆಲೆ ಕೂಗಿ. 1941ರಲ್ಲಿ ನಿಮ್ಮೂರಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್ ಆದರೆ ಬಿಡಿಭಾಗ ಬಲ್ಲವರು ಇನ್ನೂ ಸುತ್ತಮುತ್ತ ಸಿಗುತ್ತಾರೆ. ಹೆಸರು ಕೇಳದ ಲೇತ್‌ಗೆ ಆ ಅನುಕೂಲವಿಲ್ಲ. ಯಂತ್ರ ಬ್ಯಾಂಕ್ ಸಾಲಕ್ಕೆ ಅಡವಿಲ್ಲ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಎತ್ತುವಾಗ ಬೆಲ್ಟನ್ನು ಬೆಡ್‌ನ ಅಡ್ಡಪಟ್ಟಿಗಳ ಕೆಳಗೆ ಹಾಯಿಸಬೇಕು. ಸ್ಪಿಂಡಲ್‌ಗೋ ಲೀಡ್‌ಸ್ಕ್ರೂಗೋ ಬೆಲ್ಟ್ ತಾಗಿದರೆ ಅಲ್ಲೇ ಬಾಗುತ್ತದೆ. ಭಾರವೆಲ್ಲ ಹೆಡ್‌ಸ್ಟಾಕ್ ಕಡೆ ಇರುವುದರಿಂದ ಸ್ಯಾಡಲ್, ಟೇಲ್‌ಸ್ಟಾಕ್‌ಗಳನ್ನು ಬಲಕ್ಕೆ ಸರಿಸಿ ಲಾಕ್ ಮಾಡಿ, ಕ್ರೇನಿನವರು ಒಂದು ಇಂಚು ಎತ್ತಿ ನಿಲ್ಲಿಸಲಿ, ವಾಲಿದರೆ ಇಳಿಸಿ ಸರಿಮಾಡಲಿ. ಲಾರಿಯಲ್ಲಿ ಕಾಲುಗಳನ್ನು ಮರದ ದಿಮ್ಮಿಗೆ ಬೋಲ್ಟ್ ಹಾಕಿ ಕೂರಿಸಿ, ಬೆಡ್‌ಗೆ ಎಣ್ಣೆ ಸವರಿ ಟಾರ್ಪಾಲ್ ಮುಚ್ಚಿ. ಇಳಿಸಿದ ಮೇಲೆ ಲೆವೆಲ್ ಮಾಡಿ, ಒಂದು ವಾರ ಬಿಟ್ಟು ಮತ್ತೆ ಲೆವೆಲ್ ನೋಡಿ.